ಗ್ಯಾರೇಜ್ ಪ್ರಶ್ನೋತ್ತರ: ಮಸ್ಟ್ಯಾಂಗ್ ನೆರಳಲ್ಲಿ ಉಳಿದ ಗಾಡಿಗಳು

ಪ್ರಶ್ನೆ: ಹಳೇ ಅಮೆರಿಕನ್ ಗಾಡಿಗಳಲ್ಲಿ ಫೋರ್ಡ್ ಮಸ್ಟ್ಯಾಂಗ್, ಷೆವರ್ಲೆ ಕಮಾರೊ ಬೆಲೆ ಕೈಗೆಟುಕುತ್ತಿಲ್ಲ. ಇಲ್ಲೇ ಹತ್ತಿರ 1968ರ ಎಎಂಸಿ (ಅಮೆರಿಕನ್ ಮೋಟಾರ್ಸ್) ಎಎಂಎಕ್ಸ್ ಮಾರಾಟಕ್ಕಿದೆ. ಕೊಳ್ಳಬಹುದೇ? ಏನೇನು ನೋಡಬೇಕು?
— ಓದುಗರು, ಟ್ರಾಯ್, ಮಿಷಿಗನ್

ಧಾರಾಳವಾಗಿ ಕೊಳ್ಳಿ, ಆದರೆ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ನೋಡದೆ ಮುಂಗಡ ಕೊಡಬೇಡಿ. ಎರಡೇ ಸೀಟಿನ ಈ ಗಾಡಿ 1968ರಿಂದ 1970ರವರೆಗೆ ಮಾತ್ರ ಬಂತು, ಒಟ್ಟು ಸುಮಾರು 19,000. ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 97 ಇಂಚು. 390 ಕ್ಯೂಬಿಕ್ ಇಂಚಿನ ವಿ8 ಇದ್ದರೆ 315 ಅಶ್ವಶಕ್ತಿ.

ವಿಐಎನ್‌ನ (ಗಾಡಿಯ ಗುರುತಿನ ಸಂಖ್ಯೆ) ಏಳನೇ ಅಕ್ಷರ ‘ಎಕ್ಸ್’ ಆಗಿದ್ದರೆ ಕಾರ್ಖಾನೆಯಲ್ಲೇ 390 ಕೂರಿಸಿದ್ದು ಎಂದರ್ಥ. ಡ್ಯಾಶ್‌ಬೋರ್ಡ್ ಫಲಕದ ಸಂಖ್ಯೆ ವಿಐಎನ್‌ಗೆ ಹೊಂದದಿದ್ದರೆ ಗಾಬರಿ ಬೇಡ, ಅವೆರಡಕ್ಕೂ ಮೊದಲಿನಿಂದಲೂ ಸಂಬಂಧವಿಲ್ಲ.

ಈಗ ಆಕ್ಸಲ್. ಇದರಲ್ಲಿ ಹಬ್ (ಚಕ್ರ ಕೂರುವ ಭಾಗ) ಬೇರೆ, ಶಾಫ್ಟ್ (ಅದನ್ನು ತಿರುಗಿಸುವ ದಂಡ) ಬೇರೆ. ಮೊನಚಾಗುತ್ತ ಹೋಗುವ ಶಾಫ್ಟಿನ ಮೇಲೆ ಹಬ್ ಕೂತು, ಕೀ (ಎರಡರ ನಡುವೆ ಕೂರುವ ಸಣ್ಣ ಲೋಹದ ತುಂಡು) ಮತ್ತು ನಟ್ ಅದನ್ನು ಹಿಡಿದಿರುತ್ತವೆ. ನಟ್ ಸಡಿಲವಾದರೆ ಇಂಜಿನ್ನಿನ ಎಳೆತಕ್ಕೆ ಕೀ ಕತ್ತರಿಸಿ, ಹಬ್ ಶಾಫ್ಟ್ ಮೇಲೆ ಜಾರುತ್ತದೆ. ಪರೀಕ್ಷೆ ಸುಲಭ: ಶಾಫ್ಟ್ ತುದಿಯಿಂದ ಹಬ್‌ವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ, ಗಾಡಿ ಓಡಿಸಿ, ಮತ್ತೆ ನೋಡಿ. ಗೆರೆ ತುಂಡಾಗಿದ್ದರೆ ಹಬ್ ಜಾರಿದೆ. ನಟ್‌ಗೆ ಕನಿಷ್ಠ 250 ಫುಟ್-ಪೌಂಡ್ ಬಿಗಿ ಬೇಕು. ಕಾಟರ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಪಿನ್) ತೂತು ಕೂಡಿಬರದಿದ್ದರೆ ಇನ್ನಷ್ಟು ಬಿಗಿ ಮಾಡಿ ಮುಂದಿನ ತೂತಿಗೆ ತನ್ನಿ, ಹಿಂದಕ್ಕೆ ಸಡಿಲಿಸಲೇಬೇಡಿ. ಹೊಸ ಶಾಫ್ಟಿಗೆ ಹಳೇ ಹಬ್ ಹಾಕಬಾರದು. ಜೋರಾಗಿ ಓಡಿಸುವ ಮನಸ್ಸಿದ್ದರೆ ಒಂದೇ ತುಂಡಿನ ಆಕ್ಸಲ್‌ಗಳನ್ನು ಹಾಕಿಸುವುದೇ ಸರಿ.

ಮುಂದಿನ ಸಸ್ಪೆನ್ಷನ್‌ನಲ್ಲಿ ಮೇಲ್ಗಡೆ ಬಾಲ್ ಜಾಯಿಂಟ್ (ಗುಂಡಿನಂಥ ಕೀಲು) ಇಲ್ಲ, ಟ್ರನಿಯನ್ ಎಂಬ ಹಳೇ ಬಗೆಯ ಕೀಲು ಇದೆ. ಗ್ರೀಸ್ ಕಾಣದೆ ಒಣಗಿದ್ದರೆ ಬೇಗ ಸವೆಯುತ್ತದೆ. 1970ರ ಗಾಡಿಗೆ ಈ ತೊಂದರೆ ಇಲ್ಲ, ಆ ವರ್ಷ ಬಾಲ್ ಜಾಯಿಂಟ್ ಬಂತು.

ಪ್ರಶ್ನೆ: 1970ರ ಬ್ಯೂಕ್ ಜಿಎಸ್ 455 ಬಹಳ ದಿನ ನಿಂತಿತ್ತು. ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಷರ್ ಬರುತ್ತಿಲ್ಲ. ಇಂಜಿನ್ ಹೋಯಿತೇ?
— ಓದುಗರು, ಎಡಿಸನ್, ನ್ಯೂಜೆರ್ಸಿ

ತಕ್ಷಣ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಈ ಬ್ಯೂಕ್ ಇಂಜಿನ್ನಿನಲ್ಲಿ ಆಯಿಲ್ ಪಂಪ್ ಇರುವುದು ಮುಂದಿನ ಅಲ್ಯೂಮಿನಿಯಂ ಟೈಮಿಂಗ್ ಕವರ್‌ನಲ್ಲಿ, ಅಂದರೆ ಸಂಪ್‌ನ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ. ಗಾಡಿ ನಿಂತು ಗೇರ್‌ಗಳು ಒಣಗಿದರೆ ಪಂಪ್ ಗಾಳಿಯನ್ನಷ್ಟೇ ತಿರುವುತ್ತದೆ, ಅಷ್ಟುದ್ದದ ದಾರಿಯಿಂದ ಆಯಿಲ್ ಎಳೆಯಲಾರದು.

ಪಂಪ್ ಕವರ್ ಬಿಚ್ಚಿ, ಗೇರ್ ಹಲ್ಲುಗಳ ನಡುವೆ ಜಾಗ ಉಳಿಯದಂತೆ ವ್ಯಾಸಲೀನ್ ತುಂಬಿ. ಚಾಸಿಸ್ ಗ್ರೀಸ್ ಬೇಡ: ವ್ಯಾಸಲೀನ್ ಬಿಸಿ ಆಯಿಲ್‌ನಲ್ಲಿ ಕರಗಿಹೋಗುತ್ತದೆ, ಗ್ರೀಸ್ ಹಾಗಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಭಾಗ) ತೆಗೆಯುವ ಮುನ್ನ ಅದರೊಳಗೆ ತಿರುಗುವ ರೋಟರ್ ಎತ್ತ ಮುಖ ಮಾಡಿದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಪ್ರೈಮಿಂಗ್ ರಾಡನ್ನು (ಡಿಸ್ಟ್ರಿಬ್ಯೂಟರ್ ಜಾಗದಿಂದ ಪಂಪ್ ತಿರುಗಿಸುವ ಸಲಾಕೆ) ಡ್ರಿಲ್‌ಗೆ ಸಿಕ್ಕಿಸಿ, ಡಿಸ್ಟ್ರಿಬ್ಯೂಟರ್ ತಿರುಗುವ ದಿಕ್ಕಿನಲ್ಲೇ ಪಂಪ್ ತಿರುಗಿಸಿ. ಗೇಜ್ ಮುಳ್ಳು ಮೇಲೇರಿದ ಮೇಲೆಯೇ ಸ್ಟಾರ್ಟ್.

ಆಗಲೂ ಪ್ರೆಷರ್ ಬಾರದಿದ್ದರೆ ಕವರ್ ಒಳಗೋಡೆಯಲ್ಲಿ ಗೀರುಗಳಿವೆಯೇ ನೋಡಿ. ಮೆತ್ತಗಿನ ಅಲ್ಯೂಮಿನಿಯಂ ಸವೆದಿದ್ದರೆ ಬರೀ ಗೇರ್ ಬದಲಿಸಿ ಪ್ರಯೋಜನವಿಲ್ಲ, ಕವರ್ರೇ ಹೊಸದು ಬೇಕು. 510 ಫುಟ್-ಪೌಂಡ್ ಟಾರ್ಕ್ (ತಿರುಗಿಸುವ ಬಲ) ಕೊಡುವ ಇಂಜಿನ್ ಅದು. ಬೇರಿಂಗ್ ಉಳಿಸಿಕೊಳ್ಳಲು ಈ ಶ್ರಮ ಸಾರ್ಥಕ.

ಪ್ರಶ್ನೆ: ಪ್ಲಿಮತ್ ಡಸ್ಟರ್ 340 ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? 1971ರಲ್ಲಿ 275 ಇದ್ದ ಅಶ್ವಶಕ್ತಿ 1972ರಲ್ಲಿ 240 ಆದದ್ದೇಕೆ?
— ಓದುಗರು, ಮೈಸೂರು

1970, 71ರ ಗಾಡಿಯಾದರೆ ವಿಐಎನ್‌ನ ಐದನೇ ಅಕ್ಷರ ‘ಎಚ್’ ಇರಬೇಕು, ಅದು 340 ಕ್ಯೂಬಿಕ್ ಇಂಚಿನ ಇಂಜಿನ್ನಿನ ಗುರುತು. ‘ಜಿ’ ಇದ್ದರೆ ಅದು 318 ಇಂಜಿನ್ನಿನೊಂದಿಗೆ ಹುಟ್ಟಿದ್ದು, ಆಮೇಲೆ ಯಾರೋ ಸ್ಟಿಕ್ಕರ್ ಅಂಟಿಸಿದ್ದಾರೆ. ಬಾನೆಟ್ ಕೆಳಗೆ 360 ಇಂಜಿನ್ ಕೂರಿಸಿರುವುದೂ ಉಂಟು. 1972ರ ಮಾದರಿವರೆಗಿನ ಫೋರ್ಜ್ (ಬಡಿದು ರೂಪಿಸಿದ) ಕ್ರ್ಯಾಂಕ್‌ನ 340ರಲ್ಲಿ ನಡುಕ ತಡೆಯುವ ತೂಕದ ಬ್ಯಾಲೆನ್ಸ್ ಕ್ರ್ಯಾಂಕ್‌ನಲ್ಲೇ ಇದೆ, 360ರದ್ದು ಹೊರಗೆ, ಇಂಜಿನ್ ಮುಂದಿನ ಡ್ಯಾಂಪರ್ ಮತ್ತು ಹಿಂದೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಕೂಡಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ. 340ರ ಕನ್ವರ್ಟರನ್ನೇ ಹಾಗೇ 360ಕ್ಕೆ ಜೋಡಿಸಿದರೆ ವೇಗ ಹೆಚ್ಚಿದಂತೆ ಗಾಡಿಯಿಡೀ ನಡುಗುತ್ತದೆ.

ಚಕ್ರ ಕೊಳ್ಳುವಾಗಲೂ ಜೋಪಾನ. ಬೋಲ್ಟ್ ವೃತ್ತ (ಚಕ್ರದ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) ಬರೀ 4 ಇಂಚು, ಹೆಚ್ಚಿನ ಚಕ್ರಗಳು ಕೂರುವುದಿಲ್ಲ. ಎಡಬದಿಯ ಸ್ಟಡ್ ತುದಿಯಲ್ಲಿ ‘ಎಲ್’ ಎಂದಿದ್ದರೆ ಅದರ ಥ್ರೆಡ್ (ತಿರುಪಿನ ಸುರುಳಿ) ಉಲ್ಟಾ. ತಿಳಿಯದೆ ಬಲ ಹಾಕಿದರೆ ಸ್ಟಡ್ ಮುರಿಯುತ್ತದೆ.

ಇನ್ನು ಅಶ್ವಶಕ್ತಿ. 275 ಎಂಬುದು ಏರ್ ಕ್ಲೀನರ್, ಸೈಲೆನ್ಸರ್‌ಗಳಿಲ್ಲದೆ ಬೆಂಚ್ ಮೇಲೆ ಅಳೆದ ಗ್ರಾಸ್ ಲೆಕ್ಕ. 240 ಎಲ್ಲ ಜೋಡಿಸಿ ಅಳೆದ ನೆಟ್ ಲೆಕ್ಕ. ಅದೇ ವರ್ಷ ಕಂಪ್ರೆಷನ್ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು) 8.5ಕ್ಕೆ ಇಳಿದದ್ದರಿಂದ ಶಕ್ತಿ ನಿಜವಾಗಿಯೂ ಸ್ವಲ್ಪ ತಗ್ಗಿತು, ಆದರೆ ಕಾಗದದಲ್ಲಿ ಕಾಣುವಷ್ಟಲ್ಲ. ಇದರಿಂದಾಗಿ ಜನ 1972ರ ಗಾಡಿಯನ್ನು ಕಡೆಗಣಿಸುತ್ತಾರೆ. ತುಕ್ಕು ಹಿಡಿಯದ ಒಂದು ಸಿಕ್ಕರೆ ನೀವು ಬಿಡಬೇಡಿ. ಟಾರ್ಷನ್ ಬಾರ್ (ಮುಂದಿನ ಸಸ್ಪೆನ್ಷನ್‌ನ ಸ್ಪ್ರಿಂಗ್ ದಂಡ) ಕೂರುವ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ತುಕ್ಕು ಹಿಡಿದಿದೆಯೇ ಎಂದು ಮಾತ್ರ ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡಿ.