ಕ್ಯಾಲ್ಗರಿಗೆ ಬಂದ ಮೇಲೂ ಕತೆ ಬರೆಯಬಹುದಾ ಎಂದು ಕೇಳಿದವರಿಗೆ

ನಿಮ್ಮ ಪತ್ರ ಓದಿದೆ. ಸಾಗರದಿಂದ ಕೆನಡಾದ ಕ್ಯಾಲ್ಗರಿಗೆ ಬಂದಿದ್ದೀರಿ, ಇನ್ನೂ ಮೊದಲನೇ ಚಳಿಗಾಲ. ಸಂಜೆ ವೇರ್‌ಹೌಸಿನಲ್ಲಿ ಶಿಫ್ಟ್. ಊರಲ್ಲಿದ್ದಾಗ ನಿಮ್ಮ ಕತೆಗಳು ಪತ್ರಿಕೆಗಳಲ್ಲಿ ಬಂದಿದ್ದವು, ಇಲ್ಲಿಗೆ ಬಂದ ಮೇಲೆ ಒಂದು ಸಾಲೂ ಬರೆದಿಲ್ಲ. "ಅಕ್ಕಾ, ಈ ದೇಶದಲ್ಲಿ ಬರೆಯುವವರು ಹೇಗೆ ಬದುಕುತ್ತಾರೆ? ನಾನು ಇಂಗ್ಲಿಷಿಗೆ ಹೋಗಬೇಕಾ? ಇಲ್ಲ ಇದನ್ನೆಲ್ಲ ಮರೆತು ಕೆಲಸ ನೋಡಿಕೊಳ್ಳಲಾ?" ಎಂದು ಕೇಳಿದ್ದೀರಿ. ಬಾಡಿಗೆ, ಚಳಿಯ ಕೋಟು, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳಲು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾಗಿ ನಾನು ಇದೊಂದಕ್ಕೇ ಉತ್ತರ ಬರೆಯುತ್ತೇನೆ. ನಾನು ಕತೆ ಬರೆಯುವವಳಲ್ಲ, ಓದುವವಳು. ಬಂದು ಇಪ್ಪತ್ತು ವರ್ಷದ ಮೇಲಾಯಿತು. ಈ ದೇಶ ನನಗೆ ಅರ್ಥವಾಗಿದ್ದರಲ್ಲಿ ಜಾಸ್ತಿ ಪಾಲು ಇಲ್ಲಿನ ಲೇಖಕರದ್ದು.

ಮರೆಯಬೇಡಿ. ಕೆಲಸವನ್ನೂ ಬಿಡಬೇಡಿ. ನನ್ನ ಉತ್ತರ ಇಷ್ಟೇ, ಉಳಿದದ್ದು ಯಾಕೆ ಎನ್ನುವುದು.

ಕೆನಡಾದಲ್ಲಿ ಬರವಣಿಗೆಯಿಂದಲೇ ಮನೆ ನಡೆಸುವವರು ಬಹಳ ಕಡಿಮೆ. ಇಲ್ಲಿನ ಲೇಖಕರ ಸಂಘ, ಅಂದರೆ ರೈಟರ್ಸ್ ಯೂನಿಯನ್ ಆಫ್ ಕೆನಡಾ, 2018ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. ಬರವಣಿಗೆಯಿಂದ ಒಬ್ಬ ಲೇಖಕರಿಗೆ ವರ್ಷಕ್ಕೆ ಬರುವುದು ಸರಾಸರಿ 9,380 ಡಾಲರ್ ಎಂದು ಅದರಲ್ಲಿತ್ತು. ಆ ದುಡ್ಡಿಗೆ ಕ್ಯಾಲ್ಗರಿಯಲ್ಲಿ ವರ್ಷದ ಬಾಡಿಗೆಯೂ ಹುಟ್ಟುವುದಿಲ್ಲ. ಹೊರಗಿನಿಂದ ನೋಡುವವರಿಗೆ ಮಾರ್ಗರೆಟ್ ಆಟ್‌ವುಡ್ ಕಾಣುತ್ತಾರೆ. ಎರಡು ಸಲ ಬುಕರ್ ಗೆದ್ದವರು, ಪುಸ್ತಕಗಳು ಟಿವಿ ಧಾರಾವಾಹಿಯಾದವರು. ಅಂಥವರು ಬೆರಳೆಣಿಕೆಯಷ್ಟು. ಆಟ್‌ವುಡ್ ಕೂಡ 1961ರಲ್ಲಿ ಮೊದಲ ಕವಿತೆಗಳ ಪುಟ್ಟ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ ಶುರು ಮಾಡಿದವರು.

ನಿಮ್ಮ ಶಿಫ್ಟಿನ ಬಗ್ಗೆ ನೀವು ಬರೆದದ್ದು ಓದಿದಾಗ ನನಗೆ ಮೊದಲು ನೆನಪಾದವರು ರೋಹಿಂಟನ್ ಮಿಸ್ತ್ರಿ. ಮುಂಬೈನ ಪಾರ್ಸಿ. 1975ರಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ ಟೊರಾಂಟೊಗೆ ಬಂದರು. ಸುಮಾರು ಹತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದರು. ಅದರ ಜೊತೆಗೇ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪಾರ್ಟ್ ಟೈಮ್ ಓದಿದರು. ಮೂವತ್ತು ದಾಟಿದ ಮೇಲೆ ಕತೆ ಬರೆಯಲು ಶುರು ಮಾಡಿ, ವಿಶ್ವವಿದ್ಯಾಲಯದ ಕಥಾ ಸ್ಪರ್ಧೆಯಲ್ಲಿ ಬಹುಮಾನ ಗೆದ್ದರು. ಮೊದಲ ಕಥಾ ಸಂಕಲನ ಬಂದದ್ದು 1987ರಲ್ಲಿ. ಆಮೇಲೆ ಬರೆದದ್ದು ಮೂರೇ ಕಾದಂಬರಿ. ಮೂರೂ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋದವು.

ಅವರ 'ಎ ಫೈನ್ ಬ್ಯಾಲೆನ್ಸ್' ನೀವು ಓದಲೇಬೇಕು. ತುರ್ತುಪರಿಸ್ಥಿತಿಯ ಕತೆ. ಇಬ್ಬರು ದರ್ಜಿಗಳು, ಒಬ್ಬ ವಿಧವೆ, ಒಬ್ಬ ಕಾಲೇಜು ಹುಡುಗ, ನಾಲ್ಕೂ ಜನ ಒಂದು ಸಣ್ಣ ಫ್ಲಾಟಿನಲ್ಲಿ. ಅದರಲ್ಲಿ ಬರುವುದು 1975, ಅಂದರೆ ಮಿಸ್ತ್ರಿ ಊರು ಬಿಟ್ಟ ವರ್ಷವೇ. ಕಾದಂಬರಿ ಬಂದದ್ದು 1995ರಲ್ಲಿ. ಬಿಟ್ಟು ಬಂದ ಊರಿನ ಕತೆಯನ್ನು ಇಪ್ಪತ್ತು ವರ್ಷದ ಮೇಲೆ, ಮಂಜು ಬೀಳುವ ನಾಡಿನಲ್ಲಿ ಕೂತು ಬರೆದರು. ಅದರಲ್ಲಿ ಒಂದು ಬೀದಿ, ಒಂದು ನಲ್ಲಿ, ಒಂದು ಹೊಲಿಗೆ ಮಷೀನು ಕೂಡ ಮಸುಕಾಗಿಲ್ಲ. ಊರಿನಿಂದ ದೂರ ಬಂದರೆ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ ಎಂದು ಹೆದರಿದ್ದೀರಲ್ಲ, ಆ ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 2002ರ ನಂತರ ಅವರ ಹೊಸ ಕಾದಂಬರಿ ಬಂದಿಲ್ಲ. ನನಗೆ ಅದರ ಬಗ್ಗೆ ಬೇಸರವಿಲ್ಲ. ಹೇಳುವುದಿದ್ದಾಗ ಹೇಳಿದರು, ಅಷ್ಟೇ.

ಇನ್ನು ಅನಿತಾ ರಾವ್ ಬಾದಾಮಿ. ಇವರ ಹೆಸರು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಕನ್ನಡ ಮಾತಾಡುವ ಮನೆಯ ಹೆಣ್ಣುಮಗಳು. 1961ರಲ್ಲಿ ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿದವರು. ಅಪ್ಪ ರೈಲ್ವೆಯಲ್ಲಿದ್ದರಿಂದ ವರ್ಗಾವಣೆ ಆದ ಹಾಗೆಲ್ಲ ಊರೂರು ಅಲೆದು ಬೆಳೆದರು. ಭಾರತದಲ್ಲಿ ಪತ್ರಿಕೆಗಳಿಗೆ ಬರೆಯುತ್ತಿದ್ದರು, ಮಕ್ಕಳ ಕತೆಗಳನ್ನೂ ಬರೆದಿದ್ದರು. 1991ರಲ್ಲಿ ಬಂದು ಇಳಿದದ್ದು ಇದೇ ಕ್ಯಾಲ್ಗರಿಗೆ! ನಿಮ್ಮ ಹಾಗೆಯೇ, ಊರಲ್ಲಿ ಬರೆದು ಇಲ್ಲಿಗೆ ಬಂದವರು. ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದರು. ಅಲ್ಲಿ ಪದವಿಗಾಗಿ ಬರೆದದ್ದೇ ಬೆಳೆದು 'ಟ್ಯಾಮರಿಂಡ್ ಮೆಮ್' ಎಂಬ ಕಾದಂಬರಿ ಆಯಿತು.

ಅದರಲ್ಲಿ ಮಗಳು ಕಾಮಿನಿ ಓದಲಿಕ್ಕೆಂದು ಕ್ಯಾಲ್ಗರಿಗೆ ಬಂದಿದ್ದಾಳೆ. ತಾಯಿ ಸರೋಜಾ, ರೈಲ್ವೆ ಅಧಿಕಾರಿಯ ಹೆಂಡತಿಯಾಗಿ ಜೀವಮಾನವೆಲ್ಲ ಗಂಡನ ವರ್ಗಾವಣೆಗೆ ಪೆಟ್ಟಿಗೆ ಕಟ್ಟಿದವಳು, ಈಗ ಒಬ್ಬಳೇ ರೈಲು ಹತ್ತಿ ದೇಶ ಸುತ್ತುತ್ತಾಳೆ. ಬೋಗಿಯ ಹೆಂಗಸರಿಗೆ ತನ್ನ ಕತೆ ಹೇಳುತ್ತಾಳೆ. ಮಗಳು ನೆನಪಿಟ್ಟುಕೊಂಡ ಅಮ್ಮನೇ ಬೇರೆ, ಅಮ್ಮ ಹೇಳಿಕೊಳ್ಳುವ ಅಮ್ಮನೇ ಬೇರೆ. ಇಂಗ್ಲಿಷಿನಲ್ಲಿದ್ದರೂ ಆ ಮನೆಯ ಬಿರುಸು ಮಾತು ನಮ್ಮ ಮನೆಗಳದ್ದೇ ಅನ್ನಿಸುತ್ತದೆ. ಎರಡನೆಯ ಕಾದಂಬರಿ 'ದಿ ಹೀರೋಸ್ ವಾಕ್' ಇನ್ನೂ ದೊಡ್ಡದು, ಇನ್ನೂ ಆಳವಾದದ್ದು. ವ್ಯಾಂಕೂವರಿನಲ್ಲಿ ಅಪ್ಪ ಅಮ್ಮ ಅಪಘಾತದಲ್ಲಿ ತೀರಿಕೊಂಡ ಪುಟ್ಟ ಹುಡುಗಿ, ತಾನು ಯಾವತ್ತೂ ನೋಡದ ತಾತನ ಮನೆಗೆ, ಸಮುದ್ರದ ದಡದ ಒಂದು ತಮಿಳು ಊರಿಗೆ ಹೋಗಬೇಕಾಗುತ್ತದೆ. ವಲಸೆಯ ಕತೆ ಅಂದರೆ ಎಲ್ಲರೂ ಅಲ್ಲಿಂದ ಇಲ್ಲಿಗೆ ಬರುವುದನ್ನೇ ಬರೆಯುತ್ತಾರೆ. ಇವರು ಇಲ್ಲಿಂದ ಅಲ್ಲಿಗೆ ಕಳಿಸಿದರು. ಆ ಮಗು ಮಾತೇ ಆಡುವುದಿಲ್ಲ, ಅದರ ಸುತ್ತ ಇಡೀ ಮನೆ ಬದಲಾಗುತ್ತದೆ. ಇದಕ್ಕೆ ಕಾಮನ್‌ವೆಲ್ತ್ ಪ್ರಶಸ್ತಿಯ ಕೆನಡಾ-ಕೆರಿಬಿಯನ್ ವಿಭಾಗದ ಬಹುಮಾನ ಬಂತು. ಬಾದಾಮಿ ಆಮೇಲೆ ವ್ಯಾಂಕೂವರಿಗೆ, ಅಲ್ಲಿಂದ ಮಾಂಟ್ರಿಯಲ್‌ಗೆ ಹೋದರು. ನಮ್ಮ ಊರಿನಲ್ಲಿ ಉಳಿಯಲಿಲ್ಲ. ಆದರೂ ಅವರು ನಮ್ಮೂರಿನವರೇ ಎಂದು ನಾನು ಹೇಳಿಕೊಳ್ಳುತ್ತೇನೆ.

ಬೇರೆ ಕೆಲಸದಿಂದ ಬರವಣಿಗೆಗೆ ಬಂದವರು ಇನ್ನೂ ಎಷ್ಟೋ ಜನ ಇದ್ದಾರೆ. ಎಂ.ಜಿ. ವಸಂಜಿ ನೈರೋಬಿಯಲ್ಲಿ ಹುಟ್ಟಿ ದಾರ್ ಎಸ್ ಸಲಾಮ್‌ನಲ್ಲಿ ಬೆಳೆದ ಗುಜರಾತಿ ಮೂಲದವರು. ಅಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1978ರಲ್ಲಿ ಚಾಕ್ ರಿವರ್‌ನ ಅಣು ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಂದರು. ಕೆನಡಾದ ಕಾದಂಬರಿ, ಕಥಾ ಸಂಕಲನಗಳಿಗೆ ಕೊಡುವ ಗಿಲ್ಲರ್ ಪ್ರಶಸ್ತಿ ಶುರುವಾದದ್ದು 1994ರಲ್ಲಿ, ಆ ಮೊದಲ ವರ್ಷ ಗೆದ್ದವರು ಅವರೇ. 2003ರಲ್ಲಿ ಮತ್ತೊಮ್ಮೆ ಗೆದ್ದರು. ವಿನ್ಸೆಂಟ್ ಲ್ಯಾಮ್ ಟೊರಾಂಟೊದಲ್ಲಿ ತುರ್ತು ಚಿಕಿತ್ಸಾ ವಿಭಾಗದ ಡಾಕ್ಟರ್ ಆಗಿದ್ದವರು. ಡಾಕ್ಟರುಗಳ ಬಗ್ಗೆ ಬರೆದ ಮೊದಲ ಕಥಾ ಸಂಕಲನಕ್ಕೇ 2006ರ ಗಿಲ್ಲರ್ ಬಂತು.

ಕಿಮ್ ಥುಯ್ ಅವರ ಬಗ್ಗೆ ಸ್ವಲ್ಪ ನಿಲ್ಲಬೇಕು. ಹತ್ತು ವರ್ಷದ ಹುಡುಗಿಯಾಗಿದ್ದಾಗ ವಿಯೆಟ್ನಾಮಿನಿಂದ ದೋಣಿಯಲ್ಲಿ ಪಾರಾಗಿ, ಮಲೇಷ್ಯಾದ ನಿರಾಶ್ರಿತರ ಶಿಬಿರದಲ್ಲಿದ್ದು ಕ್ವಿಬೆಕ್‌ಗೆ ಬಂದವರು. ಹೊಲಿಗೆ ಕೆಲಸ ಮಾಡಿದರು, ದುಭಾಷಿಯಾದರು, ವಕೀಲೆಯಾದರು, ಮಾಂಟ್ರಿಯಲ್‌ನಲ್ಲಿ ಹೋಟೆಲ್ ನಡೆಸಿದರು. ಹೋಟೆಲಿನ ಕೆಲಸ ಮುಗಿಸಿ ಮನೆಗೆ ಹೋಗುವಾಗ ಸಿಗ್ನಲ್ಲಿನಲ್ಲಿ ನಿದ್ದೆ ಹತ್ತಬಾರದೆಂದು ಕಾರಿನಲ್ಲೇ ಟಿಪ್ಪಣಿ ಬರೆಯುತ್ತಿದ್ದರಂತೆ. ನಲವತ್ತು ದಾಟಿದ ಮೇಲೆ, 2009ರಲ್ಲಿ, ಮೊದಲ ಪುಸ್ತಕ 'ರು' ಬಂತು. ಫ್ರೆಂಚಿನಲ್ಲಿ. ಪುಟ್ಟ ಪುಟ್ಟ ತುಣುಕುಗಳ ಪುಸ್ತಕ, ಕೆಲವು ಅರ್ಧ ಪುಟವೂ ಇಲ್ಲ. ದಣಿದು ಬಂದು ಬರೆಯುವವರಿಗೆ ಸಿಗುವ ಸಮಯದ ಅಳತೆಯೇ ಆ ಪುಸ್ತಕದ ರೂಪವಾಗಿದೆ ಎಂದು ನನಗೆ ಪ್ರತಿ ಸಲ ಓದಿದಾಗಲೂ ಅನ್ನಿಸುತ್ತದೆ. ಶಿಫ್ಟ್ ಮುಗಿದ ಮೇಲೆ ಹದಿನೈದು ನಿಮಿಷ ಸಿಕ್ಕರೆ ಹದಿನೈದು ನಿಮಿಷದ್ದನ್ನೇ ಬರೆಯಿರಿ.

ಆಲಿಸ್ ಮನ್ರೊ ಕೂಡ ಹೀಗೆಯೇ ಹೇಳಿದ್ದರು, ಮಕ್ಕಳು ಮನೆಗೆಲಸದ ನಡುವೆ ಕಾದಂಬರಿಗೆ ಸಮಯ ಸಿಗಲಿಲ್ಲ, ಅದಕ್ಕೇ ಸಣ್ಣ ಕತೆ ಬರೆದೆ ಎಂದು. ಮೊದಲ ಸಂಕಲನ 1968ರಲ್ಲಿ, ನೊಬೆಲ್ 2013ರಲ್ಲಿ. 2024ರಲ್ಲಿ ಅವರು ತೀರಿಕೊಂಡ ಕೆಲವೇ ವಾರಗಳಲ್ಲಿ ಮಗಳೊಬ್ಬರು, ಬಾಲ್ಯದಲ್ಲಿ ಮಲತಂದೆಯಿಂದ ತನಗಾದ ಲೈಂಗಿಕ ದೌರ್ಜನ್ಯವನ್ನೂ, ಗೊತ್ತಾದ ಮೇಲೂ ತಾಯಿ ಅವನ ಜೊತೆಗೇ ಉಳಿದದ್ದನ್ನೂ ಬರೆದರು. ಅದನ್ನು ಓದಿದ ಮೇಲೆ ಮನ್ರೊ ಕತೆಗಳನ್ನು ನಾನು ಮೊದಲಿನ ಹಾಗೆ ಓದಲಾರೆ. ನಿಮಗೆ ಯಾರಾದರೂ ಅವರ ಪುಸ್ತಕ ಕೊಟ್ಟರೆ ಇದನ್ನೂ ತಿಳಿದುಕೊಂಡೇ ಓದಿ.

ಈಗ ಭಾಷೆಯ ವಿಷಯ. ಇಲ್ಲಿ ಸತ್ಯ ಹೇಳಬೇಕು. ಇಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗವರ್ನರ್ ಜನರಲ್ ಪ್ರಶಸ್ತಿ ಇಂಗ್ಲಿಷಿಗೆ ಮತ್ತು ಫ್ರೆಂಚಿಗೆ ಮಾತ್ರ. ಗಿಲ್ಲರ್‌ಗೆ ಪುಸ್ತಕ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಇಂಗ್ಲಿಷಿಗೆ ಅನುವಾದ ಆಗಿರಬೇಕು. ಕನ್ನಡದಲ್ಲಿ ಬರೆದರೆ ಈ ದೇಶದ ದೊಡ್ಡ ವೇದಿಕೆಗಳಿಗೆ ನೀವು ನೇರವಾಗಿ ಕಾಣಿಸುವುದಿಲ್ಲ. ಆದರೂ ನಾನು ಕನ್ನಡ ಬಿಡಿ ಎಂದು ಹೇಳುವುದಿಲ್ಲ. 'ರು' ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು 2012ರ ಗಿಲ್ಲರ್ ಅಂತಿಮ ಪಟ್ಟಿ ಸೇರಿತು. ಅದು ಇಲ್ಲಿನದೇ ಭಾಷೆ ಎನ್ನಬಹುದು, ಸರಿ. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬುಕರ್ ಗೆದ್ದದ್ದು ನಮ್ಮ ಕಣ್ಣೆದುರಿನದೇ ಅಲ್ವಾ? ನಿಮ್ಮ ಓದುಗರು ಊರಲ್ಲಿ ಈಗಾಗಲೇ ಇದ್ದಾರೆ. ಇಂಗ್ಲಿಷಿನಲ್ಲಿ ಬರೆಯಬೇಕು ಎಂದು ಒಳಗಿನಿಂದ ಅನ್ನಿಸಿದರೆ ಬರೆಯಿರಿ, ಬಾದಾಮಿಯವರೂ ಬರೆದರು. ಇಲ್ಲಿಗೆ ಬಂದಿದ್ದೇನೆ ಎನ್ನುವ ಒಂದೇ ಕಾರಣಕ್ಕೆ ಬೇಡ.

ಇನ್ನೊಂದು ಒತ್ತಡ ನಿಧಾನವಾಗಿ ಬರುತ್ತದೆ. ವಲಸೆ ಬಂದವರು ವಲಸೆಯ ಕಷ್ಟವನ್ನೇ ಬರೆಯಲಿ ಎಂದು ಜನ ಬಯಸುತ್ತಾರೆ. ನಮ್ಮವರೂ ಬಯಸುತ್ತಾರೆ, ಮಂಜು ಮತ್ತು ಒಂಟಿತನದ ಕತೆ ಕೊಡಿ ಎಂದು. ಅದಕ್ಕೆ ಬಗ್ಗಬೇಡಿ. ಮೈಕೆಲ್ ಒಂಡಾಟ್ಜಿ ಕೊಲಂಬೋದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1962ರಲ್ಲಿ ಇಲ್ಲಿಗೆ ಬಂದರು. 1970ರಲ್ಲಿ ಅವರಿಗೆ ಹೆಸರು ತಂದ ಪುಸ್ತಕ ಅಮೆರಿಕದ ಬಂದೂಕುಕೋರ ಬಿಲ್ಲಿ ದಿ ಕಿಡ್ ಬಗ್ಗೆ. ಶ್ರೀಲಂಕಾದ ಮನೆತನದ ಬಗ್ಗೆ ಬರೆದದ್ದು ಅದಾದ ಎಷ್ಟೋ ವರ್ಷದ ಮೇಲೆ, ತಮಗೆ ಬೇಕೆನಿಸಿದಾಗ.

ನಮ್ಮೂರಿನ ಸುಜೆಟ್ ಮೇಯರ್ ಅವರನ್ನೂ ನೋಡಿ. ಕ್ಯಾಲ್ಗರಿಯಲ್ಲೇ ಹುಟ್ಟಿದವರು, ಇಲ್ಲಿನ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡುತ್ತಾರೆ. ಮೊದಲ ಕಾದಂಬರಿ 1995ರಲ್ಲಿ ಬಂತು. ಸಣ್ಣ ಪ್ರಕಾಶಕರ ಜೊತೆಗೇ ವರ್ಷಗಟ್ಟಲೆ ಬರೆದರು, ಹೊರಗೆ ಅಷ್ಟಾಗಿ ಸದ್ದಾಗಲಿಲ್ಲ. 2022ರಲ್ಲಿ 'ದಿ ಸ್ಲೀಪಿಂಗ್ ಕಾರ್ ಪೋರ್ಟರ್' ಕಾದಂಬರಿಗೆ ಗಿಲ್ಲರ್ ಬಂತು, ಒಂದು ಲಕ್ಷ ಡಾಲರ್. ಅದನ್ನು ಹೊರತಂದದ್ದೂ ಟೊರಾಂಟೊದ ಪುಟ್ಟ ಪ್ರಕಾಶನವಾದ ಕೋಚ್ ಹೌಸ್. 1929ರಲ್ಲಿ ರೈಲಿನ ಮಲಗುವ ಬೋಗಿಯಲ್ಲಿ ದುಡಿಯುವ ಕಪ್ಪು ಯುವಕನ ಕತೆ. ನಿದ್ದೆಯಿಲ್ಲದೆ, ನಗುತ್ತ, ಬೈಗುಳ ತಿನ್ನುತ್ತ, ಟಿಪ್ಸ್ ಕೂಡಿಟ್ಟು ದಂತವೈದ್ಯನಾಗುವ ಕನಸು ಕಾಣುತ್ತಾನೆ. ರಾತ್ರಿ ಶಿಫ್ಟ್ ಮಾಡಿದ ಯಾರಿಗಾದರೂ ಆ ನಿದ್ದೆಗೇಡಿನ ಪುಟಗಳು ಮೈಗೆ ತಾಗುತ್ತವೆ.

ಕೊನೆಗೆ ಸ್ವಲ್ಪ ಕೆಲಸಕ್ಕೆ ಬರುವ ವಿಷಯ. ಲೈಬ್ರರಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ, ದುಡ್ಡು ಕೊಡಬೇಕಿಲ್ಲ. ಡೌನ್‌ಟೌನಿನ ಸೆಂಟ್ರಲ್ ಲೈಬ್ರರಿ ಸಿಟಿ ಹಾಲ್ ಸ್ಟೇಷನ್ನಿನ ಪಕ್ಕದಲ್ಲೇ ಇದೆ, ಟ್ರೈನ್ ಅದರ ಕೆಳಗೇ ಹಾದುಹೋಗುತ್ತದೆ. ಬರೆಯಲು ಮೇಲಿನ ಮಹಡಿ ಒಳ್ಳೆಯದು. ಈ ದೇಶದ ಎಷ್ಟೋ ಲೈಬ್ರರಿಗಳು, ವಿಶ್ವವಿದ್ಯಾಲಯಗಳು ಕೆಲವು ತಿಂಗಳಿಗೆ ಒಬ್ಬ ಲೇಖಕರನ್ನು ಇಟ್ಟುಕೊಳ್ಳುತ್ತವೆ. ಅವರಿಗೆ ಸಂಬಳ ಕೊಡುವುದೇ ಸ್ವಂತ ಬರವಣಿಗೆಗೆ ಮತ್ತು ಊರಿನವರ ಬರವಣಿಗೆ ಓದಿ ಮಾತಾಡುವುದಕ್ಕೆ. ನಮ್ಮ ವಿಶ್ವವಿದ್ಯಾಲಯದಲ್ಲೂ ಇದು ಬಹಳ ವರ್ಷದಿಂದ ನಡೆದಿದೆ, ವಿದ್ಯಾರ್ಥಿಯೇ ಆಗಿರಬೇಕು ಅಂತಿಲ್ಲ. ನಿಮ್ಮ ಒಂದು ಕತೆಯನ್ನು ಇಂಗ್ಲಿಷಿಗೆ ಮಾಡಿಕೊಂಡು ಕಳಿಸಿ, ಹೋಗಿ ಕೂತು ಮಾತಾಡಿ. ಸುಮ್ನೆ ಸಂಕೋಚ ಪಡಬೇಡಿ, ನಿಮ್ಮಂಥವರಿಗಾಗಿಯೇ ಅದು ಇರುವುದು. ಮೊದಲ ಅನುವಾದದಲ್ಲಿ ನಿಮಗೆ ಇನ್ನೊಂದು ಜೊತೆ ಕಣ್ಣು ಬೇಕಿದ್ದರೆ ನಾನಿದ್ದೇನೆ.

ಓದಲು 'ಟ್ಯಾಮರಿಂಡ್ ಮೆಮ್'ನಿಂದ ಶುರು ಮಾಡಿ. ಲೈಬ್ರರಿಯಲ್ಲಿ ಸಿಗುವುದು ತಡವಾದರೆ ನನ್ನ ಪ್ರತಿ ಇದೆ. ಬಸ್ಸಿನಲ್ಲಿ ಹೋಗುವಾಗ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರೂ ಪರವಾಗಿಲ್ಲ.