ಕೇಳಿ, ಹೇಳುತ್ತೇವೆ: ಹೆಪ್ಪುಗಟ್ಟಿದ ಜಲಪಾತ ಹತ್ತುವುದು

ಪ್ರಶ್ನೆ: ಅಡಿಕೆ ಮರ ಹತ್ತಿ ಅಭ್ಯಾಸವಿದೆ. ಜನವರಿಯಲ್ಲಿ ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಐಸ್ ಹತ್ತಲು ತೋಳಿನ ಬಲ ಸಾಕೇ? – ಬದಿಯಡ್ಕದ ಓದುಗರು

ತಳೆ ಹಾಕಿದ ಕಾಲಿನ ಮೇಲೆ ಭಾರ ಬಿಡುವವ ದಿನವಿಡೀ ಹತ್ತುತ್ತಾನೆ, ಕೈಯಲ್ಲಿ ನೇತಾಡುವವ ನಾಲ್ಕನೇ ಮರಕ್ಕೆ ಸುಸ್ತು. ಇಲ್ಲೂ ಹಾಗೆಯೇ. ವ್ಯತ್ಯಾಸ ಹಿಮ್ಮಡಿಯಲ್ಲಿದೆ. ಬೂಟಿಗೆ ಕಟ್ಟುವ ಲೋಹದ ಹಲ್ಲಿನ ಚೌಕಟ್ಟು, ಅಂದರೆ ಕ್ರ್ಯಾಂಪನ್‌ನ ಮುಂದಿನ ಹಲ್ಲು ಐಸಿಗೆ ಹೊಕ್ಕ ಮೇಲೆ ಹಿಮ್ಮಡಿಯನ್ನು ತುಸು ಇಳಿಸಿಯೇ ಇಡಬೇಕು. ಎತ್ತಿದರೆ ಹಲ್ಲು ಮೀಟಿಕೊಂಡು ಈಚೆ ಬರುತ್ತದೆ. ಕೈಯಲ್ಲಿನ ಐಸ್ ಕೊಡಲಿ ಬೀಸುವಾಗ ಉಬ್ಬು ಬಿಟ್ಟು ತಗ್ಗು ಹುಡುಕಿ. ಉಬ್ಬಿಗೆ ಹೊಡೆದರೆ, ಅದರಲ್ಲೂ ಕೊರೆಯುವ ಚಳಿಯ ಬೆಳಿಗ್ಗೆ, ಊಟದ ತಟ್ಟೆಯಷ್ಟು ಚಕ್ಕೆ ಎದ್ದು ಮುಖಕ್ಕೇ ಬರುತ್ತದೆ. ಹಗ್ಗ ಹಿಡಿಯುವವ ನೇರ ಕೆಳಗೆ ನಿಲ್ಲಬಾರದು ಎನ್ನುವುದು ಅದಕ್ಕೇ. ಒಳಗೆ ಟೊಳ್ಳಿದ್ದರೆ ಡೋಲಿನ ಸದ್ದು ಬರುತ್ತದೆ. ಅಂಥಲ್ಲಿ ಜಾಗ ಬದಲಿಸಿ.

ಇನ್ನೊಂದು ಮಾತು: ಕಡಲ ಮಟ್ಟದಿಂದ ಹೋಗುವವರು ನೀವು. ಸ್ಪಿತಿಯ ಮುಖ್ಯ ಊರು ಕಾಜಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಕುಂಜುಮ್ ಕಣಿವೆದಾರಿ ಚಳಿಗಾಲದಲ್ಲಿ ಮುಚ್ಚಿರುವುದರಿಂದ ಶಿಮ್ಲಾ, ಕಿನ್ನೌರ್ ಹಾದಿಯಲ್ಲೇ ಹೋಗಬೇಕು. ಮೇಲೆ ತಲುಪಿ ಎರಡು ಮೂರು ದಿನ ಸುಮ್ಮನಿದ್ದು ಆಮೇಲೆ ಕೊಡಲಿ ಮುಟ್ಟಿ.

ಪ್ರಶ್ನೆ: ಐಸ್ ಸ್ಕ್ರೂ ಯಾವ ಉದ್ದದ್ದು ಬೇಕು? ಒಮ್ಮೆ ಬಳಸಿದ್ದು ಮತ್ತೆ ಹೋಗುವುದಿಲ್ಲವಂತೆ, ಹೌದೇ? – ಮಂಜೇಶ್ವರದ ಓದುಗರು

ಐಸಿಗೆ ತಿರುಗಿಸಿ ಹಗ್ಗ ಸಿಕ್ಕಿಸುವ ಈ ಟೊಳ್ಳು ಸ್ಕ್ರೂಗಳಲ್ಲಿ ಹೆಚ್ಚಿನವು 13 ಸೆಂ.ಮೀ. ಇರಲಿ, ತೆಳು ಐಸಿಗೆ 10ರದ್ದು ಒಂದೆರಡು. ಇಳಿಯಲು ವಿ-ಥ್ರೆಡ್ (ಐಸಿನಲ್ಲೇ ಮಾಡುವ ಹಗ್ಗದ ಆಧಾರ) ಕೊರೆಯುವುದಕ್ಕೆ ಮಾತ್ರ 22ರದ್ದು ಒಂದು ಬೇಕೇ ಬೇಕು: ಸುಮಾರು ಗೇಣು ಅಂತರದಲ್ಲಿ ಓರೆಯಾಗಿ ಎರಡು ತೂತು ಕೊರೆದು, ಒಳಗೆ ಅವು ಕೂಡಿದಲ್ಲಿ 7 ಮಿ.ಮೀ. ಹುರಿ ಪೋಣಿಸುತ್ತಾರೆ.

ಎರಡನೆಯದೂ ನಿಜ. ತಿರುಗಿಸುವಾಗ ಕೊಳವೆಯಿಂದ ಐಸಿನ ತಿರುಳು ಒಂದೇ ಸಮನೆ ಹೊರಬರಬೇಕು; ನಡುವೆ ಸ್ಕ್ರೂ ದಿಢೀರ್ ಸಡಿಲವಾದರೆ ಅಲ್ಲಿ ಪೊಳ್ಳು. ಬಿಚ್ಚಿದ ಮೇಲೆ ಒಳಗುಳಿದ ತಿರುಳು ಗಟ್ಟಿಯಾದರೆ ಮುಂದಿನ ಸಲ ಹೊಸ ಐಸಿಗೆ ಒಳಗೆ ಜಾಗವೇ ಇರುವುದಿಲ್ಲ. ತೆಗೆದ ಕೂಡಲೇ ಜೋರಾಗಿ ಕೊಡವಿ. ತಿರುಳು ಆಗಲೇ ಅಂಟಿಕೊಂಡಿದ್ದರೆ ಸ್ಕ್ರೂವನ್ನು ಜಾಕೆಟ್ಟಿನೊಳಗಿಟ್ಟು ಬೆಚ್ಚಗೆ ಮಾಡಿ. ಬಂಡೆಗೆ ಕುಟ್ಟಿದರೆ ಹಲ್ಲು ಮೊಂಡಾಗುತ್ತದೆ. ಬಿಸಿಲು ಬೀಳುವ ಕಡೆ ಹಾಕಿದ್ದರ ಮೇಲೆ ಹಿಮ ಮೆತ್ತಿ, ಇಲ್ಲದಿದ್ದರೆ ಕಾದ ಲೋಹ ಸುತ್ತಲಿನ ಐಸನ್ನೇ ಕರಗಿಸಿ ಸಡಿಲಾಗುತ್ತದೆ. ಸ್ಕ್ರೂ ಇದೆಯೆಂದು ಬೀಳುವ ಧೈರ್ಯ ಮಾತ್ರ ಬೇಡ. ಮೇಲಿನಿಂದ ಹಗ್ಗ ಬಿಗಿದಿಲ್ಲದೆ ಬಿದ್ದರೆ ಕ್ರ್ಯಾಂಪನ್ ಐಸಿಗೆ ಸಿಕ್ಕಿ ಕಣಕಾಲು ಮುರಿಯುತ್ತದೆ.

ಪ್ರಶ್ನೆ: ಇಲ್ಲಿನ ಮುರಕಲ್ಲಿನ ಕ್ವಾರಿಯಲ್ಲಿ ಅಭ್ಯಾಸ ಮಾಡಬಹುದೇ? – ಕುಂಬಳೆಯ ಓದುಗರು

ಬೇಡ. ಕಲ್ಲು ಉದುರುತ್ತದೆ, ಕೊಡಲಿಯ ಮೊನೆಯೂ ಹಾಳು. ಮನೆಯ ಮೆಟ್ಟಿಲಂಚಿನಲ್ಲಿ ಕಾಲ್ಬೆರಳ ಮೇಲೆ ನಿಂತು, ಹಿಮ್ಮಡಿಯನ್ನು ಅಂಚಿನ ಮಟ್ಟಕ್ಕಿಂತ ಕೊಂಚ ಕೆಳಗಿಟ್ಟು, ಅಲುಗದೆ ಎರಡು ನಿಮಿಷ ತಾಳಿಕೊಳ್ಳಿ. ಮೀನಖಂಡ ನಡುಗದ ದಿನ ಟಿಕೆಟ್ ಮಾಡಿಸಿ.