ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ನಾಲ್ಕು ಜಿಪಿಯು, ಇಡೀ ಲ್ಯಾಬ್

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬ್‌ನಲ್ಲಿ 20 ಲಿನಕ್ಸ್ ಕಂಪ್ಯೂಟರ್‌ಗಳಿವೆ. ನಾಲ್ಕರಲ್ಲಿ ಮಾತ್ರ 8 ಜಿಬಿ ಮೆಮೊರಿಯ ಎನ್‌ವಿಡಿಯಾ ಜಿಪಿಯು (ಎಐನಂಥ ಭಾರಿ ಲೆಕ್ಕಗಳನ್ನು ಬೇಗ ಮಾಡುವ ಗ್ರಾಫಿಕ್ಸ್ ಕಾರ್ಡ್). ಆ ನಾಲ್ಕು ಕುರ್ಚಿಗೆ ದಿನಾ ಪೈಪೋಟಿ. ಬೇರೆ ಕಡೆ ಕೂತವರೂ ಅವನ್ನು ಬಳಸಬಹುದೇ?
– ಹಾಸನ

ಉತ್ತರ: ಬಳಸಬಹುದು. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಚ್‌ಟಿಕಾಂಡರ್ ಎಂಬ ಉಚಿತ ತಂತ್ರಾಂಶ ಸಾಕು. ಗಿರಣಿ ಮುಂದೆ ಹಿಟ್ಟಿನ ಡಬ್ಬ ಇಟ್ಟುಹೋದ ಹಾಗೆ: ಕೆಲಸವನ್ನು ಸರದಿಗೆ ಹಾಕಿ ಎದ್ದುಹೋಗಬಹುದು.

ಜಿಪಿಯು ಇಲ್ಲದ, ಸದಾ ಆನ್ ಇರುವ ಒಂದು ಯಂತ್ರ ಸರದಿಯ ಮೇಸ್ತ್ರಿಯಾಗಲಿ. ನಾಲ್ಕೂ ಜಿಪಿಯು ಯಂತ್ರಗಳಲ್ಲಿ ಮೊದಲು ಎನ್‌ವಿಡಿಯಾ-ಎಸ್‌ಎಂಐ ಆಜ್ಞೆ ಕೊಟ್ಟು ಕಾರ್ಡ್ ಕಾಣುತ್ತದೆಯೇ ನೋಡಿ. ಡ್ರೈವರ್ ಅಪ್‌ಡೇಟ್ ಆಗಿ ಯಂತ್ರ ರೀಬೂಟ್ ಆಗದಿದ್ದರೆ ಇಲ್ಲೇ ‘ವರ್ಷನ್ ಮಿಸ್‌ಮ್ಯಾಚ್’ ಎಂದು ನಿಲ್ಲುತ್ತದೆ. ಬಳಿಕ ಕಾಂಡರ್ ಕಾನ್ಫಿಗ್‌ಗೆ ‘ಯೂಸ್ ಫೀಚರ್ : ಜಿಪಿಯುಸ್’ ಎಂಬ ಒಂದು ಸಾಲು ಸೇರಿಸಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ವಿದ್ಯಾರ್ಥಿಗಳು ತಮ್ಮ ಸಬ್ಮಿಟ್ ಫೈಲಿನಲ್ಲಿ (ಕೆಲಸದ ವಿವರ ಬರೆದು ಸರದಿಗೆ ಕೊಡುವ ಫೈಲು) ‘ರಿಕ್ವೆಸ್ಟ್_ಜಿಪಿಯುಸ್ = 1’ ಎಂದು ಬರೆಯಲೇಬೇಕು. ಮರೆತರೆ ಕೆಲಸ ಜಿಪಿಯು ಇಲ್ಲದ ಯಂತ್ರಕ್ಕೂ ಹೋಗಬಹುದು. ಆಗ ಪೈಟಾರ್ಚ್ (ಎಐ ಮಾದರಿ ಕಟ್ಟುವ ತಂತ್ರಾಂಶ) ಸದ್ದಿಲ್ಲದೆ ಯಂತ್ರದ ಸಾಮಾನ್ಯ ಪ್ರೊಸೆಸರ್ ಆದ ಸಿಪಿಯು ಮೇಲೆ ತೆವಳುತ್ತದೆ, ಇಲ್ಲವೇ ಎರರ್ ಕೊಡುತ್ತದೆ. ಸರದಿಯಲ್ಲೇ ಉಳಿದ ಕೆಲಸದ ಕಾರಣ ತಿಳಿಯಲು ‘ಕಾಂಡರ್_ಕ್ಯು -ಬೆಟರ್-ಅನಲೈಜ್’ ಇದೆ.

ನಿಜವಾದ ತೊಂದರೆ ತಂತ್ರಾಂಶದ್ದಲ್ಲ, ಸರದಿ ತಪ್ಪಿಸುವವರದು. ಯಾರಾದರೂ ನೇರವಾಗಿ ಲಾಗಿನ್ ಆಗಿ ಪ್ರೋಗ್ರಾಂ ಓಡಿಸಿದರೆ ಕಾಂಡರ್‌ಗೆ ಅದರ ಸುಳಿವಿಲ್ಲ. ಅದೇ ಕಾರ್ಡಿಗೆ ಇನ್ನೊಂದು ಕೆಲಸ ಕಳಿಸುತ್ತದೆ, 8 ಜಿಬಿ ತುಂಬಿ ‘ಔಟ್ ಆಫ್ ಮೆಮೊರಿ’ ಬರುತ್ತದೆ. ಕೀಬೋರ್ಡ್ ಮುಟ್ಟಿದಾಗ ಕೆಲಸವನ್ನು ತಡೆಹಿಡಿಯುವ ವ್ಯವಸ್ಥೆ ಇದೆ, ಆದರೆ ತಡೆದ ಕೆಲಸ ಜಿಪಿಯು ಮೆಮೊರಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಆ ನಾಲ್ಕು ಯಂತ್ರಗಳ ಮಾನಿಟರ್, ಕೀಬೋರ್ಡ್ ತೆಗೆದು ಮೂಲೆಗಿಡಿ, ನಿರ್ವಾಹಕರ ಹೊರತು ಯಾರಿಗೂ ಲಾಗಿನ್ ಕೊಡಬೇಡಿ. ಕುರ್ಚಿಗಳೇ ಇಲ್ಲದಿದ್ದರೆ ಪೈಪೋಟಿಯೂ ಇಲ್ಲ.

ಡೇಟಾ ಸಾಗಿಸುವ ಹೊತ್ತನ್ನೂ ಲೆಕ್ಕ ಹಾಕಿ. 20 ಜಿಬಿ ಚಿತ್ರಗಳು ಗಿಗಾಬಿಟ್ ಸ್ವಿಚ್ ಮೂಲಕ ಮೂರು ನಿಮಿಷದಲ್ಲಿ ಹೋದರೆ, ಹಳೆಯ 100 ಮೆಗಾಬಿಟ್ ಸ್ವಿಚ್‌ನಲ್ಲಿ ಅರ್ಧ ಗಂಟೆ. ಸಾವಿರಾರು ಸಣ್ಣ ಫೈಲುಗಳಾದರೆ ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ಕಳಿಸಿ. ಕರೆಂಟ್ ಹೋಗುವ ಊರಾದ್ದರಿಂದ ಪ್ರತಿ 15-20 ನಿಮಿಷಕ್ಕೆ ಚೆಕ್‌ಪಾಯಿಂಟ್ (ಅಲ್ಲಿಯವರೆಗಿನ ಕೆಲಸದ ಪ್ರತಿ) ಉಳಿಸುವುದು ಕಡ್ಡಾಯವಾಗಲಿ.

ಪ್ರಶ್ನೆ: ನಾಲ್ಕೂ ಕಾರ್ಡ್ ಸೇರಿಸಿ 32 ಜಿಬಿಯ ಒಂದೇ ಕಾರ್ಡಿನಂತೆ ಬಳಸಲಾಗದೇ?
– ಶಿವಮೊಗ್ಗ

ಉತ್ತರ: ತಾನಾಗಿ ಆಗದು. ಎಐ ಮಾದರಿಯನ್ನು ತುಂಡು ಮಾಡಿ ಹಂಚಬಹುದು, ಆದರೆ ಯಂತ್ರದೊಳಗೆ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ 3.0 ಜೋಡಣೆಯ 16 ಲೇನ್‌ಗಳು ಸೆಕೆಂಡಿಗೆ ಸುಮಾರು 16 ಜಿಬಿ ಸಾಗಿಸಿದರೆ ಯಂತ್ರಗಳ ನಡುವಿನ ಗಿಗಾಬಿಟ್ ಕೇಬಲ್ 0.125 ಜಿಬಿ ದಾಟದು. ಕಾರ್ಡ್‌ಗಳು ಲೆಕ್ಕ ಮಾಡುವುದಕ್ಕಿಂತ ಕಾಯುವುದೇ ಹೆಚ್ಚು. ನಾಲ್ಕು ಬೇರೆ ಬೇರೆ ಪ್ರಯೋಗ ಒಟ್ಟಿಗೆ ಓಡಿಸಿ.

ಪ್ರಶ್ನೆ: ಒಂದೇ ಕಾರ್ಡನ್ನು ಹಲವರಿಗೆ ಹಂಚಬಹುದೇ?
– ಬೆಳಗಾವಿ

ಉತ್ತರ: ಎನ್‌ವಿಡಿಯಾದ ಎ100ನಂಥ ಸರ್ವರ್ ಕಾರ್ಡನ್ನು ಮಿಗ್ (ಮಲ್ಟಿ-ಇನ್‌ಸ್ಟನ್ಸ್ ಜಿಪಿಯು) ಸೌಲಭ್ಯದಿಂದ ಏಳು ಭಾಗದವರೆಗೆ ಒಡೆಯಬಹುದು, ಮೆಮೊರಿಯೂ ಬೇರೆಬೇರೆ. ಸಾಮಾನ್ಯ ಜಿಫೋರ್ಸ್ ಕಾರ್ಡುಗಳಲ್ಲಿ ಅಂಥ ಗೋಡೆಯಿಲ್ಲ. ಒಬ್ಬರ ಪ್ರೋಗ್ರಾಂ ಮೆಮೊರಿ ನುಂಗಿದರೆ ಪಕ್ಕದವರದೂ ಬೀಳುತ್ತದೆ.